ಮೂಳೆ ಮೆದುವಾಗುವವರೆಗೆ

ಅವನಿಗೆ ‘ನಾನ್‌ಸ್ಟಾಪ್’ ಎಂದು ಹೆಸರಿಟ್ಟವರು ಅವನ ಅಕ್ಕನ ಗಂಡ, ಬಸ್ ಓಡಿಸುವ ಭಾವ. ಲಿಫ್ಟಿನ ಗುಂಡಿ ಒತ್ತಿ, ಅದು ಬರುವಷ್ಟರಲ್ಲಿ ಮೆಟ್ಟಿಲು ಹತ್ತಿ ಮೇಲಿರುವ ಆಸಾಮಿ ಅವನು. ಇಂಥವನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಗಂಟುಬಿದ್ದದ್ದು ಮೂಳೆಚೂರುಗಳನ್ನು ನೆನೆಸಿ ಮೆದುಮಾಡಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸುವ ಕೆಲಸ.

ಒಮ್ಮೆ ಭಾವನ ಎಡ ಮೊಣಕಾಲು ಊದಿಕೊಂಡಿತು. ಕ್ಲಚ್ ಒತ್ತುವ ಕಾಲು. ಎಕ್ಸ್‌ರೇಯಲ್ಲಿ ಗಡ್ಡೆ ಕಂಡಿತು. ಅದರ ಚೂರು ನಾನ್‌ಸ್ಟಾಪನ ಮೇಜಿಗೇ ಬಂತು.

“ಇದು ಎರಡರಲ್ಲಿ ಒಂದು,” ಎಂದರು ಲ್ಯಾಬಿನ ಡಾಕ್ಟರಮ್ಮ. “ಒಂದು ಕೆರೆದು ತೆಗೆಯೋವಂಥದ್ದು. ಇನ್ನೊಂದು ಕ್ಯಾನ್ಸರ್, ಕಾಲೇ ಹೋಗಬಹುದು. ಮಾಮೂಲಿ ಬಣ್ಣದಲ್ಲಿ ಎರಡೂ ಅವಳಿಜವಳಿ. ಹಿಸ್ಟೋನ್ ಪರೀಕ್ಷೆ ಮಾಡಲೇಬೇಕು.”

ಹಿಸ್ಟೋನ್ ಎಂದರೆ ಜೀವಕೋಶದೊಳಗೆ ಡಿಎನ್‌ಎ ನೂಲು ಸಿಕ್ಕಾಗದಂತೆ ಸುತ್ತಿಡುವ ಪ್ರೋಟೀನ್ ಉಂಡೆ. ಅದಕ್ಕೆ ದಾಯಾದಿಗಳಂಥ ಬೇರೆ ಬೇರೆ ರೂಪಗಳಿವೆ; ನೂಲು ಎಲ್ಲಿ ಬಿಚ್ಚಿರಬೇಕು, ಎಲ್ಲಿ ಮಡಚಿರಬೇಕು ಎಂಬಲ್ಲಿ ಎಲ್ಲರ ಮಾತೂ ನಡೆಯುತ್ತದೆ. ಎಚ್3.3 ಎಂಬ ದಾಯಾದಿಯಲ್ಲಿ ಒಂದೇ ಒಂದು ಕೊಂಡಿ ಬದಲಾಗಿರುವುದು ಆ ಕೆರೆದು ತೆಗೆಯುವ ಗಡ್ಡೆಯ ಗುರುತು. ಗುರುತಿದ್ದರೆ ಪರೀಕ್ಷೆಯಲ್ಲಿ ಸ್ಲೈಡು ಕಂದು ಬಣ್ಣಕ್ಕೆ ತಿರುಗುತ್ತದೆ.

ಆದರೆ ಮೂಳೆಯನ್ನು ತೀಕ್ಷ್ಣವಾದ ಆಸಿಡ್‌ಗೆ ಹಾಕಿದರೆ ನಾಳೆಯೇ ಮೆದುವಾದೀತು, ಗುರುತೂ ಅದರ ಜೊತೆ ಅಳಿಸಿಹೋದೀತು. ಆಮೇಲೆ ಕಂದು ಬರದಿದ್ದರೆ ತಪ್ಪು ಗಡ್ಡೆಯದೋ ಆಸಿಡ್ಡಿನದೋ ಹೇಳುವವರಿಲ್ಲ. ಸೌಮ್ಯವಾದ ದ್ರಾವಣದಲ್ಲಿ ದಿನಗಟ್ಟಲೆ ಕಾಯಬೇಕು.

ಅಕ್ಕ ಫೋನ್ ಮಾಡಿದಳು. “ಲೋ, ಎಲ್ಲ ನಿನ್ನ ಕೈಲೇ ಇದೆಯಂತಲ್ಲೋ! ಏನ್ ಮಾಡ್ತಿದ್ದೀಯ?”

“ನೆನೆಹಾಕಿದ್ದೀನಿ ಅಕ್ಕ.”

“ಕಾಲು ಅದು ಕಣೋ, ಕಡಲೆಕಾಳಲ್ಲ!”

ಭಾವ ಫೋನ್ ಕಿತ್ತುಕೊಂಡರು. “ಏನಯ್ಯಾ ನಾನ್‌ಸ್ಟಾಪ್, ನನ್ನ ಸರದಿಗೇ ಬ್ರೇಕ್ ಹಾಕಬೇಕಿತ್ತಾ?”

“ಸ್ವಲ್ಪ ಕಾಲ ಕೊಡಿ ಭಾವ. ಕಾಲಿನ ವಿಷಯ.”

“ಈಗಲೂ ಜೋಕಾ!” ಎಂದರು. ನಕ್ಕರು ಕೂಡ. ಆ ನಗು ಮಧ್ಯದಲ್ಲೇ ನಿಂತಿತು.

ಸಂಜೆ ಲ್ಯಾಬ್ ಖಾಲಿಯಾದ ಮೇಲೆ ಆಸಿಡ್ ಸೀಸೆ ಶೆಲ್ಫಿನಿಂದ ಇಳಿಯಿತು. ಮುಚ್ಚಳವೂ ತೆರೆಯಿತು. ಘಾಟು ಮೂಗಿಗೆ ಹೊಡೆದಾಗ ಅವನು ಮುಚ್ಚಳ ಬಿಗಿದು, ಸೀಸೆಯನ್ನು ನೇರವಾಗಿ ಡಾಕ್ಟರಮ್ಮನ ಕೋಣೆಗೆ ಒಯ್ದ.

“ಇದು ನಿಮ್ಮ ಹತ್ತಿರವೇ ಇರಲಿ ಮೇಡಂ.”

ಅವರು ಯಾಕೆಂದು ಕೇಳದೆ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಸೂಜಿ ಸಲೀಸಾಗಿ ಇಳಿಯುವಷ್ಟು ಮೂಳೆ ಮೆದುವಾದ ದಿನ ಕೊಯ್ದ, ಬಣ್ಣ ಕಟ್ಟಿಸಿದ. ಡಾಕ್ಟರಮ್ಮ ಮೈಕ್ರೋಸ್ಕೋಪಿಗೆ ಬಗ್ಗಿದರು. ಅವನು ಪಕ್ಕದಲ್ಲಿ ನಿಂತ, ಒಂದು ಕಾಲೂ ಕುಣಿಸದೆ.

“ಕಂದು,” ಎಂದರು. “ಎಕ್ಸ್‌ರೇಗೂ ಹೊಂದುತ್ತೆ. ಕೆರೆದು ಆ ಜಾಗಕ್ಕೆ ಮೂಳೆ ಸಿಮೆಂಟ್ ತುಂಬ್ತಾರೆ. ಮತ್ತೆ ಬೆಳೆಯಬಹುದು, ಕಣ್ಣಿಟ್ಟಿರಬೇಕು.”

ಅವನು ಲಿಫ್ಟಿನ ಗುಂಡಿಯನ್ನೂ ಒತ್ತಲಿಲ್ಲ. ಮೆಟ್ಟಿಲಿಳಿದು ಅಕ್ಕನ ಮನೆಗೆ ಓಡಿದ. ಫೋನ್ ಲ್ಯಾಬಿನಲ್ಲೇ ಉಳಿಯಿತು.

ಎಲ್ಲ ಕೇಳಿದ ಭಾವ ಮುಖ ಒರೆಸಿಕೊಂಡು, “ಹಾಗಾದ್ರೆ ಬಸ್ ಯಾವಾಗ ಹತ್ತಲಿ?” ಎಂದರು.

“ನಿಧಾನ ಭಾವ, ನಿಧಾನ.”

ಆ ಮಾತು ಹೇಳಿದ್ದು ಯಾರೆಂದು ನೋಡಲು ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು.