ಮೇಜಿನ ಮೇಲೆ ಬಿಟ್ಟ ಪುಸ್ತಕ

ಆ ಶಾಖಾ ಗ್ರಂಥಾಲಯಕ್ಕೆ ಬರುವವರೆಲ್ಲ ಅದನ್ನು ನೋಡಿಕೊಳ್ಳುತ್ತಿದ್ದವಳನ್ನು ಇಣುಕಕ್ಕ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಕಪಾಟುಗಳ ಸಂದಿಯಲ್ಲಿ ಎರಡು ಕಣ್ಣು ಕಂಡರೆ ಅವು ಅವಳವೇ. ಹಾಗೆ ಕರೆಯುತ್ತಾರೆಂದು ಅವಳಿಗೂ ಗೊತ್ತಿತ್ತು. ಆ ಹೆಸರು ಕಟ್ಟಿದ್ದು ಯಾರೆಂದು ಒಬ್ಬಿಬ್ಬರ ಮೇಲೆ ಅನುಮಾನವೂ ಇತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅವಳಿಗೆ ಅನುಮಾನ ಹಾಗೆ. ತರಕಾರಿಯವನು ತಕ್ಕಡಿ ಎತ್ತಿದರೆ ಅವಳ ಕಣ್ಣು ಅವನ ಹೆಬ್ಬೆರಳಿನ ಮೇಲೆ. ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಒಂಚೂರು ಓರೆಯಾಗಿದ್ದರೂ ವಿಚಾರಣೆ ನಡೆಯಬೇಕು. ಗಂಡ ಬಸ್ ಕಂಡಕ್ಟರ್. "ನಾನು ಜನರ ಹತ್ರ ಟಿಕೆಟ್ ಮಾತ್ರ ಕೇಳ್ತೀನಿ, ನೀನು ಅವರ ಜಾತಕಾನೇ ಕೇಳ್ತೀಯಲ್ಲೇ" ಎಂದು ಅವನು ನಗುತ್ತಿದ್ದ. ನಗುವವರ ಮೇಲೂ ಅವಳಿಗೆ ನಂಬಿಕೆ ಅಷ್ಟಕ್ಕಷ್ಟೆ.

ಕೆಲಸದಲ್ಲಿ ಮಾತ್ರ ಅವಳ ಮೇಲೆ ಬೆರಳು ತೋರಿಸುವಂತಿರಲಿಲ್ಲ. ಹಾಳೆ ಹರಿಯುವವರು, ಚಿತ್ರ ಕತ್ತರಿಸುವವರು, ಅಂಗಿಯೊಳಗೆ ಪತ್ರಿಕೆ ತುರುಕಿಕೊಳ್ಳುವವರು, ಎಲ್ಲರೂ ಒಂದಲ್ಲ ಒಂದು ದಿನ ಅವಳ ಕೈಗೆ ಸಿಕ್ಕಿಬಿದ್ದವರೇ. ಅದು ಸಣ್ಣ ಶಾಖೆ: ಒಂದೇ ಓದುವ ಕೋಣೆ, ಉದ್ದನೆಯ ಮೇಜುಗಳು, ಗಡಗಡ ಅನ್ನುವ ಫ್ಯಾನು. ಪುಸ್ತಕವನ್ನು ಮನೆಗೊಯ್ಯುವವರಿಗಿಂತ ಅಲ್ಲೇ ಕೂತು ಓದುವವರು ಹೆಚ್ಚು. ಅದಕ್ಕೆಂದೇ ಕೇಂದ್ರ ಕಚೇರಿಯವರು ಒಂದು ಪದ್ಧತಿ ಮಾಡಿದ್ದರು. ಸಂಜೆ ಬಾಗಿಲು ಹಾಕುವ ಮುಂಚೆ, ಜನ ಓದಿ ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಎಣಿಸಬೇಕು. ಎಣಿಸಿದ ಮೇಲೆ ಕಪಾಟಿಗೆ ಸೇರಿಸಬೇಕು. ಮೇಜಿನ ಮೇಲೆ ಎಷ್ಟು ಪುಸ್ತಕವೋ ಶಾಖೆಯಲ್ಲಿ ಅಷ್ಟು ಓದು, ಎಷ್ಟು ಓದೋ ಅಷ್ಟು ಅನುದಾನ.

ಈ ಲೆಕ್ಕ ಸರಿಯಾಗಿ ಬರಲೆಂದು ಕಚೇರಿಯಿಂದ ಒಂದು ಫಲಕವೂ ಬಂದಿತ್ತು: "ಓದಿದ ಪುಸ್ತಕವನ್ನು ಮೇಜಿನ ಮೇಲೇ ಬಿಡಿ." ಇಣುಕಕ್ಕ ಅದನ್ನು ಬೀರುವಿನ ಹಿಂದಕ್ಕೆ ತಳ್ಳಿದ್ದಳು. ಫಲಕ ನೋಡಿದರೆ ಜನ ಯಾಕೆ ಅಂತ ಕೇಳುತ್ತಾರೆ. ಎಣಿಸುವುದಕ್ಕೆ ಅಂತ ಗೊತ್ತಾಯಿತೋ, ಪ್ರೀತಿಗೋ ತಮಾಷೆಗೋ ಓದದ ಪುಸ್ತಕವನ್ನೂ ತಂದು ಗುಡ್ಡೆ ಹಾಕುತ್ತಾರೆ. ಕೊನೆಗೆ ಸುಳ್ಳು ಲೆಕ್ಕ ಬರೆದ ಕೈ ಯಾರದು? ತನ್ನದು. ಅದಕ್ಕೇ ಎಣಿಕೆಯ ಸುದ್ದಿಯನ್ನು ಅವಳು ಗಂಡನ ಹೊರತು ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಟೈಲರ್ ಮಾಮ ಬರತೊಡಗಿದರು. ಅಂಗಡಿಯನ್ನು ಮಗಳಿಗೆ ಒಪ್ಪಿಸಿ ಕೈ ಖಾಲಿ ಮಾಡಿಕೊಂಡಿದ್ದ ಮನುಷ್ಯ. ಮೊದಲು ಪೇಪರ್ ಓದಲು ಬಂದರು. ಒಂದು ದಿನ, ಹೊಲಿಗೆಯ ಪುಸ್ತಕ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದ ಹೆಂಗಸೊಬ್ಬಳಿಗೆ ರವಿಕೆಯ ತೋಳು ಕತ್ತರಿಸುವ ಬಗೆ ತೋರಿಸಿದರು. ಅವಳು ಮರುದಿನ ತಂಗಿಯನ್ನು ಕರೆತಂದಳು, ತಂಗಿ ಪಕ್ಕದ ಮನೆಯವಳನ್ನು. ನೋಡನೋಡುತ್ತಲೇ ಮೂಲೆಯ ಮೇಜು ಮಧ್ಯಾಹ್ನದ ಶಾಲೆಯಾಯಿತು. ಮಾಮ ಹೊಲಿಗೆ ಹೇಳಿಕೊಟ್ಟರೆ ನರ್ಸ್ ಒಬ್ಬಳು ಮಗುವಿಗೆ ಜ್ವರ ಬಂದರೆ ಏನು ಮಾಡಬೇಕೆಂದು ಹೇಳಿಕೊಟ್ಟಳು. ಇನ್ನೊಬ್ಬಳು ಫ್ಯೂಸ್ ಹಾಕುವುದು ತೋರಿಸಿದಳು. ಒಬ್ಬರು ಹೇಳಿದ್ದನ್ನು ಉಳಿದವರು ಪುಸ್ತಕ ತೆರೆದು ಸರಿಯೇ ಎಂದು ನೋಡುತ್ತಿದ್ದರು, ಜಗಳವಾಡುತ್ತಿದ್ದರು, ಮತ್ತೊಂದು ಪುಸ್ತಕ ತೆಗೆಯುತ್ತಿದ್ದರು.

ಕೋಣೆ ತುಂಬಿತು. ಆದರೆ ಸಂಜೆಯ ಎಣಿಕೆ ದಿನದಿನಕ್ಕೂ ಇಳಿಯುತ್ತ ಹೋಯಿತು. ಜನ ಹೆಚ್ಚಾದಷ್ಟೂ ಪುಸ್ತಕ ಕಡಿಮೆ! ಕೆಲವು ಸಂಜೆ ಮೇಜುಗಳು ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಕೇಂದ್ರ ಕಚೇರಿಯ ಮೇಲಧಿಕಾರಿ ಫೋನ್ ಮಾಡಿದರು.

"ನಿಮ್ಮಲ್ಲಿ ಓದೋರೇ ಇಲ್ವಲ್ಲಮ್ಮ. ಹೀಗಾದ್ರೆ ಶಾಖೆ ಮುಚ್ಚಿ, ಇರೋ ಪುಸ್ತಕ ಇಲ್ಲಿಗೆ ತರಿಸ್ಕೊಳ್ತೀವಿ. ಮುಂದಿನ ತಿಂಗಳು ಬಂದು ನೋಡಿ ತೀರ್ಮಾನ ಮಾಡ್ತೀನಿ."

ಅವಳು ಫೋನಿಟ್ಟು ಸುತ್ತ ನೋಡಿದಳು. ಅರ್ಧ ಆಯುಸ್ಸು ಕಳೆದ ಕೋಣೆ ಅದು. ಈ ಹೆಂಗಸರಲ್ಲಿ ಯಾರು ಎರಡು ಬಸ್ ಬದಲಾಯಿಸಿ ಕೇಂದ್ರ ಗ್ರಂಥಾಲಯಕ್ಕೆ ಹೋಗುತ್ತಾರೆ? ಎಣಿಕೆ ಇಳಿಯಲು ಶುರುವಾದದ್ದು ಯಾವಾಗ ಎಂದು ಯೋಚಿಸಿದಳು. ಮಾಮ ಬಂದ ಮೇಲೆ. ಮಾಮನ ಹೆಗಲಿಗೆ ಸದಾ ಒಂದು ಬಟ್ಟೆಯ ಚೀಲ ಬೇರೆ. ಎಲ್ಲರಿಗಿಂತ ಕೊನೆಗೆ ಹೊರಡುತ್ತಾರೆ, ಹೊರಡುವಾಗ ಕೈಮುಗಿಯುತ್ತಾರೆ. ಅತಿ ವಿನಯಂ ಧೂರ್ತಲಕ್ಷಣಂ!

ಅಂದು ಸಂಜೆ ಅವಳು ಕಪಾಟಿನ ಸಂದಿಯಲ್ಲಿ ಕಣ್ಣಿಟ್ಟು ನಿಂತಳು. ಮಾಮ ತೋಳಿನ ತುಂಬ ಪುಸ್ತಕ ಅಪ್ಪಿಕೊಂಡು ಹಿಂದಿನ ಸಾಲಿಗೆ ಹೋದರು. ಬರುವಾಗ ಕೈ ಖಾಲಿ, ಹೆಗಲಲ್ಲಿ ಚೀಲ. ಸಿಕ್ಕಿಬಿದ್ದ ಕಳ್ಳ ಎಂದುಕೊಂಡು ಅವಳು ಬಾಗಿಲಿಗೆ ಅಡ್ಡ ನಿಂತಳು.

"ಮಾಮ, ಚೀಲ ಒಂಚೂರು ಬಿಚ್ಚಿ ತೋರಿಸಿ."

ಹೆಂಗಸರೆಲ್ಲ ಅಲ್ಲೇ ಇದ್ದರು. ಮಾಮನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮುಖ ಕಪ್ಪಿಟ್ಟಿತು. ಚೀಲವನ್ನು ಮೇಜಿನ ಮೇಲೆ ಕವುಚಿದರು. ಕತ್ತರಿ, ಟೇಪು, ಗುರುತು ಹಾಕುವ ಸೀಮೆಸುಣ್ಣ, ಪೇಪರಿನಲ್ಲಿ ಕತ್ತರಿಸಿದ ಒಂದು ತೋಳು.

"ಇಷ್ಟೇ ಕಣಮ್ಮ" ಎಂದು ಒಂದೊಂದನ್ನೇ ಒಳಗಿಟ್ಟುಕೊಂಡು ಹೊರಟುಹೋದರು. ಅಂದು ಕೈ ಮುಗಿಯಲಿಲ್ಲ.

ಮರುದಿನದಿಂದ ಅವರು ಬರಲಿಲ್ಲ. ಹೆಂಗಸರು ಬಂದರು, ಮುಖ ಊದಿಸಿಕೊಂಡು ಓದಿದರು, ಹೋದರು. ಸಂಜೆ ನೋಡಿದರೆ ಮೇಜಿನ ತುಂಬ ಪುಸ್ತಕ! ಇಣುಕಕ್ಕ ಗೆದ್ದೆನೆಂದು ಮನೆಗೆ ಬಂದಳು.

"ನೋಡಿದ್ರಾ? ಆ ಮನುಷ್ಯ ಹೋದ, ಪುಸ್ತಕ ಬಂತು."

"ಚೀಲದಲ್ಲಿ ಏನೂ ಸಿಗಲಿಲ್ಲ ಅಂದ್ಯಲ್ಲೇ?" ಅಂದ ಗಂಡ.

"ಅವತ್ತು ಸಿಗಲಿಲ್ಲ" ಅಂದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಎರಡು ದಿನ ಕಳೆದ ಮೇಲೆ, ಆ ದಿನದ ರಾಶಿಯನ್ನು ಕಪಾಟಿನ ಕೆಳಗಿನ ಸಾಲಿಗೆ ಸೇರಿಸಲು ಬಗ್ಗಿದವಳಿಗೆ ಸೊಂಟ ಹಿಡಿದುಕೊಂಡಿತು. "ಅಯ್ಯಮ್ಮಾ" ಎಂದಳು. ಹೊರಡಲಿದ್ದ ನರ್ಸ್ ಓಡಿಬಂದು ರಟ್ಟೆ ಹಿಡಿದು ಎಬ್ಬಿಸಿದಳು. ಅವಳ ಮುಖದಲ್ಲಿ ಇನ್ನೂ ಸಿಟ್ಟಿತ್ತು.

"ಇದಕ್ಕೇ ಅಕ್ಕ, ಮಾಮ ನಮಗೆ ಬೈತಿದ್ದಿದ್ದು."

"ಏನಂತ?"

"'ಆಯಮ್ಮನ ಸೊಂಟ ನೋಡಿದ್ದೀರಾ? ಇಷ್ಟನ್ನೂ ಬಗ್ಗಿ ಬಗ್ಗಿ ಅವರೊಬ್ಬರೇ ಇಡಬೇಕು. ಎಲ್ಲಿಂದ ತಗೊಂಡ್ರೋ ಅಲ್ಲೇ ಇಡಿ' ಅಂತ. ಬೇರೆ ಮೇಜಿನೋರು ಬಿಟ್ಟು ಹೋಗಿದ್ದನ್ನೂ ಅವರೇ ಒಯ್ದು ಇಡ್ತಿದ್ರು. ನೀವು ಅವರ ಚೀಲ ಬಿಚ್ಚಿಸಿದ್ರಿ. ಆ ಸಿಟ್ಟಿಗೆ ನಾವೂ ಇಡೋದು ಬಿಟ್ವಿ."

ಇಣುಕಕ್ಕ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಪುಸ್ತಕ ಎಲ್ಲೂ ಹೋಗಿರಲಿಲ್ಲ, ಎಲ್ಲವೂ ಅದರದರ ಜಾಗದಲ್ಲೇ ಇದ್ದವು. ಬೀರುವಿನ ಹಿಂದೆ ಫಲಕ ಗೋಡೆಗೆ ಮುಖ ಮಾಡಿ ನಿಂತಿತ್ತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು, ಹಾಕಿದ್ದು ಯಾರೆಂದು ಊರೆಲ್ಲ ಹುಡುಕಿದ್ದಳು.

ಮಾರನೆಯ ಬೆಳಗ್ಗೆ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದಳು. ಮಾಮನ ಮಗಳು ಮೆಷಿನ್ ನಿಲ್ಲಿಸಿ ಕೇಳಿದಳು: "ಏನಕ್ಕ, ಅಂಗಡೀನೂ ಶೋಧಿಸ್ಬೇಕಾ?"

ಇಣುಕಕ್ಕ ಅವಳನ್ನು ದಾಟಿ ನಡೆದಳು. ಒಳಗೆ ಕೂತಿದ್ದ ಮಾಮನ ಎದುರು ನಿಂತು "ತಪ್ಪಾಯ್ತು ಮಾಮ" ಅಂದಳು. ಆಮೇಲೆ ಎಣಿಕೆಯ ಪದ್ಧತಿ, ಫಲಕ, ಮೇಲಧಿಕಾರಿಯ ಫೋನು, ಎಲ್ಲವನ್ನೂ ಹೇಳಿದಳು. ಮಾಮ ಕೇಳುತ್ತ ಕೇಳುತ್ತ ಹಣೆ ಚಚ್ಚಿಕೊಂಡರು.

"ಅಲ್ಲಮ್ಮ, ಶಾಖೆಗೆ ಕಲ್ಲು ಹಾಕಿದ್ದು ನಾನೇನಾ? ಒಂದು ಮಾತು ಹೇಳ್ಬಾರದಿತ್ತಾ?"

"ಹೇಳ್ಬೇಕಾದ್ರೆ ಜನರನ್ನ ನಂಬಬೇಕಿತ್ತು ಮಾಮ. ನನಗೆ ಅದು ಬರಲಿಲ್ಲ."

ಫಲಕ ಗೋಡೆ ಹತ್ತಿತು. ಮಾಮ ಮರಳಿದರು, ಶಾಲೆ ಮತ್ತೆ ಶುರುವಾಯಿತು, ಮೇಜು ತುಂಬಿತು. ಮೇಲಧಿಕಾರಿಯೂ ಬಂದರು. ಪುಸ್ತಕದ ರಾಶಿ ನೋಡಿ ಅವರು ಹುಬ್ಬು ಗಂಟಿಕ್ಕಿದರು.

"ಇಷ್ಟು ತಿಂಗಳು ಖಾಲಿ, ನಾನು ಬರೋ ಹೊತ್ತಿಗೆ ಗುಡ್ಡೆ? ಇದನ್ನೆಲ್ಲ ನೀವೇ ತೆಗೆದಿಟ್ಟಿಲ್ಲ ಅಂತ ನಾನು ಹೇಗೆ ನಂಬಲಿ?"

ಆ ನೋಟ ಇಣುಕಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಅವಳು ಎಲ್ಲರನ್ನೂ ನೋಡಿದ್ದು ಹಾಗೇ. ಅದು ತನ್ನ ಮೇಲೆ ಬಿದ್ದಾಗ ಎಷ್ಟು ಉರಿಯುತ್ತದೆಂದು ಗೊತ್ತಾದದ್ದು ಅಂದೇ.

ಮಾಮ ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದರು.

"ಸಾರ್, ಇವರಿಗೆ ಬಗ್ಗೋ ಕಷ್ಟ ತಪ್ಪಿಸೋಣ ಅಂತ ಪುಸ್ತಕ ಎತ್ತಿಟ್ಟೋನು ನಾನು. ಅಂಥ ನನ್ನ ಚೀಲಾನೇ ನಾಲ್ಕು ಜನರ ಎದುರಿಗೆ ಬಿಚ್ಚಿಸಿದೋರು ಇವರು. ಇವರು ಸುಳ್ಳು ಲೆಕ್ಕ ಬರೀತಾರಾ? ಇವರಿಗೆ ಇವರ ಮೇಲೇ ನಂಬಿಕೆ ಇಲ್ಲ, ಎರಡೆರಡು ಸಲ ಎಣಿಸ್ತಾರೆ!"

ಹೆಂಗಸರು ಗೊಳ್ಳೆಂದು ನಕ್ಕರು. ಮೇಲಧಿಕಾರಿ ನಗಲಿಲ್ಲ. ರಾಶಿಯಿಂದ ಒಂದು ಪುಸ್ತಕ ಎತ್ತಿ "ಇದನ್ನ ಓದಿದ್ದು ಯಾರು?" ಎಂದರು. ಒಬ್ಬಳು ಕೈ ಎತ್ತಿ, ಕತ್ತಿನ ಪಟ್ಟಿ ಯಾಕೆ ಸುಕ್ಕಾಗುತ್ತದೆಂದು ಹೇಳಿದಳು. ಇನ್ನೊಂದು ಎತ್ತಿದರು, ನರ್ಸ್ ಜ್ವರದ ಮಾತು ಶುರುಮಾಡಿದಳು, ಪಕ್ಕದವಳು ನಡುವೆ ಬಾಯಿ ಹಾಕಿ ತಿದ್ದಿದಳು, ಇಬ್ಬರೂ ಮೇಲಧಿಕಾರಿಯನ್ನು ಮರೆತು ವಾದಕ್ಕೆ ಬಿದ್ದರು. ಅವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಪಾಠ ಮುಗಿಯುವ ತನಕ ಏಳಲಿಲ್ಲ.

"ಈ ವರ್ಷ ಮುಚ್ಚಲ್ಲ" ಅಂದರು ಏಳುವಾಗ. "ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ."

ಅವರು ಹೋದ ಮೇಲೆ ಮಾಮ ಅಭ್ಯಾಸಬಲದಿಂದ ಒಂದು ತೋಳು ಪುಸ್ತಕ ಅಪ್ಪಿಕೊಂಡು ಎದ್ದರು. "ಮಾಮಾ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಅವರು ನಾಲಿಗೆ ಕಚ್ಚಿಕೊಂಡು ಮೇಜಿಗೆ ವಾಪಸಿಟ್ಟರು.

"ಬಿಡಿ ಮಾಮ, ನಾನೇ ಬಗ್ತೀನಿ" ಎಂದು ಇಣುಕಕ್ಕ ಕುರ್ಚಿಗೆ ನೇತುಹಾಕಿದ್ದ ಅವರ ಚೀಲ ತೆಗೆದುಕೊಟ್ಟಳು. ಚೀಲ ಅಂದಿಗಿಂತ ಭಾರವಾಗಿತ್ತು. ಒಳಗೆ ಏನೋ ಚೌಕಾಕಾರದ್ದು ಕೈಗೆ ತಗುಲಿತು. ಬೆರಳು ತಾನಾಗಿ ಅದರ ಬಾಯಿಯ ಕಡೆ ಹೋಯಿತು, ಅಲ್ಲೇ ನಿಂತಿತು. ಚೀಲವನ್ನು ಮಾಮನ ಹೆಗಲಿಗೆ ಹಾಕಿ, ಬಾಗಿಲು ತೆರೆದು ನಿಂತಳು. ಮಾಮ ಕೈ ಮುಗಿದು ಹೊರಟರು.

ಅದರಲ್ಲಿ ಏನಿತ್ತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಯೂ ಇಲ್ಲ.