ಚೀನಾ ಮೇಡಂ ಅವರ ಸಿಪ್ಪೆ ತಟ್ಟೆ

ಗುತ್ತಲಿನ ನಮ್ಮ ಬೀದಿಯಲ್ಲಿ ಈಗಲೂ ಒಂದು ಕತೆ ಓಡಾಡುತ್ತದೆ. ಪುಟ್ಟತಾಯಮ್ಮ ಮೇಡಂ ಚೀನಾ ರೇಡಿಯೊ ಕೇಳಿ ಕೇಳಿ ತಲೆ ಕೆಡಿಸಿಕೊಂಡಿದ್ದರಂತೆ. ಗಡಿಯಲ್ಲಿ ಹೊಡೆದಾಟವಾದಾಗ ಆ ರೇಡಿಯೊದ ಸುಳ್ಳನ್ನು ನಂಬಿ, ಪಕ್ಕದ ಮನೆಯ ಸಾಕಮ್ಮನನ್ನೂ ನಂಬಿಸಿದರಂತೆ. ಹೀಗೆ ಹೇಳುವವರಲ್ಲಿ ಒಬ್ಬರಾದರೂ ಆ ಸಂಜೆ ರೇಡಿಯೊ ಏನು ಹೇಳಿತೆಂದು ಕೇಳಿದ್ದಾರೆಯೇ? ಇಲ್ಲ. ನಾನು ಕೇಳಿದ್ದೇನೆ, ಪಕ್ಕದಲ್ಲೇ ಕೂತು. ಚರ್ಚಾಸ್ಪರ್ಧೆಯಲ್ಲಾದರೆ ಎದುರಾಳಿಯನ್ನು ಕೂರಿಸಲು ಇಷ್ಟು ಸಾಕಿತ್ತು. ಬೀದಿಯಲ್ಲಿ ಸಾಕಾಗಲಿಲ್ಲ.

ಮೇಡಂ ಹುಟ್ಟಿದ್ದು ಸೋಮನಹಳ್ಳಿಯಲ್ಲಿ. ಮಳವಳ್ಳಿಯ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ, ನಿವೃತ್ತರಾದ ಮೇಲೆ ನಮ್ಮ ಬೀದಿಗೆ ಬಂದವರು. ರೇಡಿಯೊಗೆ ಕಿವಿ ಕೊಟ್ಟೂ ಕೊಟ್ಟೂ ಅವರ ಕತ್ತು ಒಂದು ಕಡೆಗೆ ವಾಲಿಬಿಟ್ಟಿತ್ತು. ನಡೆಯುವಾಗಲೂ ಏನನ್ನೋ ಕೇಳಿಸಿಕೊಳ್ಳುತ್ತಿರುವವರಂತೆ ನಡೆಯುತ್ತಿದ್ದರು. ಸಂಜೆಯಾದರೆ ಜಗಲಿಯ ಮೇಲೆ ರೇಡಿಯೊ ಇಟ್ಟು, ಅದರ ಕಡ್ಡಿಗೆ ತಂತಿ ಸುತ್ತಿ, ಇನ್ನೊಂದು ತುದಿಯನ್ನು ನುಗ್ಗೆ ಮರಕ್ಕೆ ಕಟ್ಟುವರು. ಮೊದಲು ನಾಲೆಗೆ ನೀರು ಬಿಟ್ಟಂಥ ಸದ್ದು. ಆ ನೀರಿನೊಳಗಿಂದ ಒಬ್ಬ ಹೆಂಗಸು ಹಿಂದಿಯಲ್ಲಿ ಮಾತಾಡುತ್ತ ಮೇಲೆ ಬರುತ್ತಿದ್ದಳು. ಚೀನಾದವಳು, ರೇಡಿಯೊಗೆಂದು ಹಿಂದಿ ಹೆಸರಿಟ್ಟುಕೊಂಡವಳು. ಅವಳ ದನಿ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಎಲ್ಲೋ ಮುಳುಗಿಹೋಗಿ, ನುಗ್ಗೆ ಎಲೆ ಅಲುಗಿದಾಗ ಮತ್ತೆ ತೇಲುತ್ತಿತ್ತು. ಕೇಳುಗರಿಗೆಂದು ಅಲ್ಲಿಂದ ಬಂದಿದ್ದ, ಕೆಂಪು ಕಾಗದದಲ್ಲಿ ಕತ್ತರಿಸಿದ ಮೀನೊಂದು ಮೇಡಂ ಅವರ ಗೋಡೆಯ ಮೇಲಿತ್ತು. ಬೀದಿಗೆ ಅಷ್ಟೇ ಬೇಕಿತ್ತು. ‘ಚೀನಾ ಮೇಡಂ’ ಎಂಬ ಹೆಸರು ಅಂಟಿತು.

ನಾನು ಅವರಲ್ಲಿಗೆ ಹೋಗುತ್ತಿದ್ದುದು ವಾದ ಮಾಡುವುದನ್ನು ಕಲಿಯಲು. ಅವರ ಪಾಠವೆಂದರೆ ಬೇಯಿಸಿದ ಕಡಲೆಕಾಯಿ ಮತ್ತು ಒಂದು ಸ್ಟೀಲ್ ತಟ್ಟೆ.

“ಅವ್ಳು ಏಳಿದ್ದಕ್ಕೆ ಒಂದ್ ಬೀಜ ಮಡಗು. ಏಳ್ಬೇಕಾಗಿದ್ದು ಏಳ್ದೆ ಬುಟ್ಟಿದ್ದಕ್ಕೆ ಒಂದ್ ಸಿಪ್ಪೆ ಮಡಗು ಕಣಮ್ಮಿ.”

“ಹೇಳದೆ ಬಿಟ್ಟಿದ್ದು ನಂಗೆ ಹೆಂಗೆ ಗೊತ್ತಾಗ್ಬೇಕು ಮೇಡಂ?”

“ಬೆಳಿಗ್ಗೆ ಪೇಪರ್ ಓದ್ಲಿಲ್ವಾ? ಯಾವ್ ಊರ್ ಮ್ಯಾಲೆ ಬಾಂಬ್ ಬಿತ್ತು? ಆಕ್ದೋರ್ ಯಾರು? ಅದು ಬಂತಾ ಇವ್ಳ ಬಾಯಲ್ಲಿ?”

ಬಂದಿರುತ್ತಿರಲಿಲ್ಲ. ‘ಎರಡೂ ಕಡೆಯವರು ಸಂಯಮದಿಂದ ಇರಬೇಕು’ ಎಂಬುದಕ್ಕೆ ಒಂದು ಬೀಜ. ಯಾರು ಯಾರ ಗಡಿ ದಾಟಿದರು ಎಂಬುದಕ್ಕೆ ಸಿಪ್ಪೆ. ಲೋಕದ ಯುದ್ಧಗಳೆಲ್ಲ ಆ ತಟ್ಟೆಯಲ್ಲಿ ಸದ್ದಿಲ್ಲದೆ ಬಂದು ಬೀಳುತ್ತಿದ್ದವು.

“ನಮ್ ಟಿವಿಯವರೇನು ಕಮ್ಮಿನಾ ಮೇಡಂ?” ಎಂದು ಕೆಣಕಿದೆ.

“ಅವ್ರ ಕಾಯ್ಲೆ ಬ್ಯಾರೆ. ಇವ್ರು ನುಂಗ್ತರೆ, ಅವ್ರು ಕಕ್ತರೆ.”

ಒಂದು ವಿಷಯದಲ್ಲಿ ಮಾತ್ರ ಅವರಿಗೆ ತಮಾಷೆ ಇರಲಿಲ್ಲ. ಒಬ್ಬರು ಆಡದ ಮಾತನ್ನು ನಾನು ಅವರ ಬಾಯಿಗೆ ಹಾಕಿದರೆ ಮೇಡಂ ರೇಡಿಯೊ ಆರಿಸಿ, ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಡುವರು. ಅವತ್ತಿಗೆ ಪಾಠ ಮುಗಿಯಿತು.

ಕಡಲೆಕಾಯಿ ಸುಲಿಯುವ ಕೆಲಸ ಸಾಕಮ್ಮನದು. ಮಗ ಮಹೇಶ ಸೈನ್ಯ ಸೇರಿದ ಮೇಲೆ ಸಂಜೆ ಕಳೆಯುವುದು ಅವರಿಗೆ ಕಷ್ಟವಾಗಿತ್ತು. ಹಿಂದಿ ಒಂದಕ್ಷರ ಬಾರದು. “ಇವ್ಳ ದನಿ ಏನ್ ಮೇಡಮ್ಮೋರೆ, ಗುಬ್ಬಿಗೆ ನೆಗಡಿ ಆದಂಗದೆ!” ಎಂದು ನಗುವರು. ಆದರೆ ತಟ್ಟೆ ನೋಡಿದರೆ ಸಾಕಿತ್ತು: “ಇವತ್ತು ಬರೀ ಸಿಪ್ಪೆ. ಎಲ್ಲೋ ಕೆಟ್ಟದ್ದಾಗದೆ.”

ಗಡಿಯಲ್ಲಿ ಗಲಾಟೆಯಾದ ಆ ಸಂಜೆ ಸಾಕಮ್ಮ ಸೆರಗು ಬಾಯಿಗಿಟ್ಟುಕೊಂಡು ಬಂದರು. ಮಹೇಶ ಇದ್ದದ್ದು ಲಡಾಖಿನಲ್ಲಿ. ಫೋನು ಹೋಗುತ್ತಿರಲಿಲ್ಲ. ನಮ್ಮವರು ಕೆಲವರು ಸತ್ತಿದ್ದಾರೆಂದು ಟಿವಿ ಹೇಳುತ್ತಿತ್ತು, ಹೆಸರು ಹೇಳುತ್ತಿರಲಿಲ್ಲ.

“ಒಡ್ದೋರಿಗ್ ಗೊತ್ತಿರಕಿಲ್ವಾ ಮೇಡಮ್ಮೋರೆ? ನಿಮ್ ಚೀನಾದೋಳ್ನ ಕೇಳಿ. ನನ್ ಮಗ ಅವ್ನಾ ಇಲ್ವಾ ಕೇಳಿ.”

ಮೇಡಂ ರೇಡಿಯೊ ಹಾಕಿದರು. ಆ ಹೆಂಗಸು ತೇಲಿ ಬಂದಳು. ಎರಡೂ ದೇಶಗಳು ಗಡಿಯ ಬಗ್ಗೆ ಮಾತಾಡುತ್ತಿವೆ ಎಂದಳು. ಒಂದೇ ವಾಕ್ಯ. ಆಮೇಲೆ ಬೆಟ್ಟದ ಮೇಲಿನ ಚಹಾ ತೋಟ, ಅಲ್ಲಿನ ಮಂಜು, ಒಂದು ಕೊಳಲು. ಮೇಡಂ ಅವರ ಕೈ, ರೂಢಿಯ ಮೇಲೆ, ಒಂದು ಬೀಜ ಇಟ್ಟಿತು. ಆಮೇಲೆ ಸಿಪ್ಪೆ. ಮತ್ತೆ ಸಿಪ್ಪೆ. ಕೊಳಲು ಮುಗಿಯುವವರೆಗೂ ಸಿಪ್ಪೆ.

ರೇಡಿಯೊ ಆರಿಸಿ ಮೇಡಂ ಹೇಳಿದರು: “ಟಿವಿಯೋರ್ ಏಳಾದು ಸುಳ್ಳಂತೆ, ನಮ್ ಕಡೆ ಉಡುಗ್ರಿಗೆ ಏನೂ ಆಗಿಲ್ವಂತೆ ಸಾಕಮ್ಮ. ಅವ್ಳೇ ಏಳಿದ್ಲು. ಓಗಿ ಮನೀಕೊ.”

ಸಾಕಮ್ಮ ತಟ್ಟೆ ನೋಡಿದರು. ಮೇಡಂ ಮುಖ ನೋಡಿದರು. “ಅಂಗಾರೆ ಸರಿ ಬುಡಿ” ಎಂದು ಎದ್ದು ಹೋದರು.

ಬೆಳಗಾಗುವಷ್ಟರಲ್ಲಿ ಸತ್ತವರ ಸಂಖ್ಯೆ ಏರಿತ್ತು, ಮೇಡಂ ಸಾಕಮ್ಮನಿಗೆ ಹೇಳಿದ ಮಾತೂ ಬೀದಿಗೆಲ್ಲ ಹಬ್ಬಿತ್ತು. ಬೀದಿ ಮೇಡಂ ಅವರ ಗೇಟಿನ ಮುಂದೆ ಸೇರಿತು. “ಚೀನಾದೋರ ಸುಳ್ಳು ನಂಬ್ಕಂಡು ಕೂತವ್ಳಲ್ಲ ಮುದ್ಕಿ!” ಯಾರೋ ನುಗ್ಗೆ ಮರದ ತಂತಿ ಕಿತ್ತರು. ನಾನು ಬಾಯಿ ತೆರೆದೆ. ರೇಡಿಯೊ ಆ ಸುಳ್ಳನ್ನು ಹೇಳಿರಲೇ ಇಲ್ಲವಲ್ಲ! ಮೇಡಂ ನನ್ನ ಮುಂಗೈ ಹಿಡಿದು ಒಳಗೆ ಎಳೆದುಕೊಂಡರು. ಗುಂಪಿನ ಅಂಚಿನಲ್ಲಿ ಸಾಕಮ್ಮನೂ ಇದ್ದರು, ಕಿತ್ತ ತಂತಿಯನ್ನು ನೋಡುತ್ತ.

“ಅವಳು ಆಡದ ಮಾತು ಅವಳ ಬಾಯಿಗೆ ಹಾಕಿದ್ರಲ್ಲ ಮೇಡಂ. ನೀವು!”

“ಸಾಕಮ್ಮ ಒಂದ್ ರಾತ್ರಿ ನಿದ್ದೆ ಮಾಡ್ಬೇಕಾಗಿತ್ತು ಕಣಮ್ಮಿ.”

“ಹಂಗಾದ್ರೆ ಹೊರಗೆ ಹೋಗಿ ನಿಜ ಹೇಳಿ.”

“ಏಳುದ್ರೆ ಅವ್ಳ್ಗೂ ಕೇಳುಸ್ತದೆ. ಮಗನ್ ಫೋನ್ ಇನ್ನೂ ಬಂದಿಲ್ಲ. ಬುಡು.”

ಫೋನು ಬಂತು, ಆಮೇಲೆ. ಟವರ್ ಇರಲಿಲ್ಲವಂತೆ, ಮಹೇಶ ಚೆನ್ನಾಗಿದ್ದ. ಆದರೆ ಮೇಡಂ ತಮ್ಮ ಮೇಲೆ ಬಂದ ಅಪವಾದವನ್ನು ತಿದ್ದಲು ಹೋಗಲಿಲ್ಲ, ತಂತಿಯನ್ನೂ ಮತ್ತೆ ಕಟ್ಟಲಿಲ್ಲ. ನಡುಮನೆಯಲ್ಲಿ, ಕೆಂಪು ಮೀನಿನ ಕೆಳಗೆ ಕೂತು, ಬರೀ ನೀರಿನ ಸದ್ದು ಕೇಳುತ್ತಿದ್ದರು. ಆ ಹೆಂಗಸು ಆಗೊಮ್ಮೆ ಈಗೊಮ್ಮೆ ಒಂದು ಪದದಷ್ಟು ಮೇಲೆ ಬಂದು ಮುಳುಗುತ್ತಿದ್ದಳು.

ಹೋದ ವರ್ಷ ಮೇಡಂ ತೀರಿಕೊಂಡರು. ರೇಡಿಯೊ ಸಾಕಮ್ಮನ ಪಾಲಿಗೆ ಬಂತು. ಮೊನ್ನೆ ಸಂಜೆ ಹೋದಾಗ ಅದು ಅವರ ಕಿಟಕಿಯಲ್ಲಿ ಸುಯ್ಯೆನ್ನುತ್ತಿತ್ತು. ಸಾಕಮ್ಮ ನೆಲದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು, ಅದೇ ತಟ್ಟೆಗೆ. ವಾದಕ್ಕೆಂದೇ ಹೋಗಿದ್ದ ನಾನು ಎದುರಿಗೆ ಕೂತು ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡೆ. ಸುಲಿಯುತ್ತಲೇ ಕೇಳಿದೆ:

“ಅವತ್ತು ನೀವು ತಟ್ಟೆ ನೋಡಿದ್ರಿ, ಸಾಕಕ್ಕಾ. ಮೇಡಂ ಮಾತು ನಂಬಿದ್ರಾ, ಇಲ್ಲ ಅವರಿಗೋಸ್ಕರ ನಂಬ್ದೋರ ತರ ಎದ್ದು ಹೋದ್ರಾ?”