ಅಬುಧಾಬಿಯಲ್ಲಿ ಹದಿನೆಂಟು ಸೆಕೆಂಡು

ಬೆಂಗಳೂರಿನಿಂದ ಹೊರಟ ವಿಮಾನ ದುಬೈಯಲ್ಲಿ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಬೆಳಿಗ್ಗೆ ಎಂಟೂಕಾಲು. ಕೈಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆ. ಫೆಬ್ರವರಿ ತಿಂಗಳು; ಬಿಸಿಲು ಹಿತವಾಗಿತ್ತು. ಹೊರಗೆ ಇಸ್ಮಾಯಿಲ್ ಕಾಯುತ್ತಿದ್ದ. ನಾನು ಮಂಗಳೂರಿನಲ್ಲಿ ನಾಟಕ ಆಡುತ್ತಿದ್ದ ಕಾಲದಲ್ಲಿ ನಮ್ಮ ತಂಡಕ್ಕೆ ಮೈಕು, ದೀಪ ಕಟ್ಟುತ್ತಿದ್ದವನು. ಈಗ ಹದಿನೆಂಟು ವರ್ಷಗಳಿಂದ ದುಬೈಯಲ್ಲಿ ಸಭಾಂಗಣಗಳಿಗೆ ದೀಪದ ಸಾಮಾನು ಬಾಡಿಗೆಗೆ ಕೊಡುವ ಒಂದು ಕಂಪನಿಯಲ್ಲಿದ್ದಾನೆ.

"ವಾಸಣ್ಣ, ಎಂತ ಮಾರಾಯ್ರೆ, ಇಷ್ಟು ಸಣ್ಣ ಬ್ಯಾಗಾ? ಸ್ವೆಟರ್ ತಂದಿದ್ದೀರಾ? ಹಾಲ್‌ನ ಒಳಗೆ ಎಸಿ ಅಂದ್ರೆ ಫ್ರಿಜ್ಜಿನ ಹಾಗೆ ಉಂಟು" ಎಂದ.

ಸ್ವೆಟರ್ ತಂದಿರಲಿಲ್ಲ. ನಾನು ಬಂದಿದ್ದು ಊರು ನೋಡಲಿಕ್ಕೂ ಅಲ್ಲ. ಹ್ಯಾರಲ್ಡ್ ವೆನ್‌ಕೋಟ್ ಎಂಬ ಎಂಬತ್ತನಾಲ್ಕು ವರ್ಷದ ಬ್ರಿಟಿಷ್ ನಟರನ್ನು ಕಂಡು, ಒಂದು ತಪ್ಪನ್ನು ಒಪ್ಪಿಕೊಳ್ಳಲು ಬಂದಿದ್ದೆ.

ನನ್ನ ಕೆಲಸ ಡಬ್ಬಿಂಗ್. ಪರಭಾಷೆಯ ಸರಣಿಗಳಿಗೆ ಕನ್ನಡದಲ್ಲಿ ಕಂಠದಾನ ಮಾಡುತ್ತೇನೆ. ವೆನ್‌ಕೋಟ್ ಅವರು ಕಡಲತೀರದ ಸಣ್ಣ ಪಟ್ಟಣದ ವೈದ್ಯರಾಗಿ ನಟಿಸಿದ ಸರಣಿಯೊಂದು ಕೆಲವು ವರ್ಷಗಳ ಹಿಂದೆ ಕನ್ನಡಕ್ಕೆ ಬಂತು. ಆ ವೈದ್ಯರ ಕನ್ನಡದ ದನಿ ನನ್ನದು. ಆಮೇಲೆ ಅವರ ಎರಡು ಚಿತ್ರಗಳಿಗೂ ನನ್ನನ್ನೇ ಕರೆದರು. ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಮಾತಿಗೆ ಮೊದಲು ಎಡ ಹುಬ್ಬು ಅಲುಗುತ್ತದೆ ಎಂಬುದು ನನಗೆ ಬಾಯಿಪಾಠ. ಅವರಿಗೆ ಮಾತ್ರ ನಾನೊಬ್ಬ ಇದ್ದೇನೆಂದೇ ಗೊತ್ತಿರಲಿಲ್ಲ.

ತಪ್ಪು ನಡೆದದ್ದು ಸರಣಿಯ ಕೊನೆಯದರ ಹಿಂದಿನ ಕಂತಿನಲ್ಲಿ. ವೈದ್ಯರ ಚಿಕಿತ್ಸಾಲಯದಲ್ಲಿ ಮೀನುಗಾರರ ಮಗುವೊಂದು ಸಾಯುತ್ತದೆ. ಸುದ್ದಿ ಹೇಳಲು ಅವರು ತಾಯಿಯ ಮನೆಗೆ ನಡೆದು ಹೋಗುತ್ತಾರೆ. ಬಾಗಿಲು ತೆರೆಯುತ್ತದೆ. ಕ್ಯಾಮೆರಾ ವೈದ್ಯರ ಬೆನ್ನ ಹಿಂದಿದೆ. ನಮಗೆ ಕಾಣುವುದು ತಾಯಿಯ ಮುಖ ಮಾತ್ರ. ಹದಿನೆಂಟು ಸೆಕೆಂಡು ಯಾರೂ ಮಾತಾಡುವುದಿಲ್ಲ. ತಾಯಿ ಬಾಗಿಲು ಹಾಕಿಕೊಳ್ಳುತ್ತಾಳೆ. ನಮ್ಮ ಡಬ್ಬಿಂಗ್ ನಿರ್ದೇಶಕರು ಅಲ್ಲಿ ಟೇಪು ನಿಲ್ಲಿಸಿದರು. "ಇಷ್ಟು ಹೊತ್ತು ಸದ್ದಿಲ್ಲದಿದ್ದರೆ ಜನ ಟಿವಿ ಕೆಟ್ಟಿದೆ ಅಂದ್ಕೊಂಡು ರಿಮೋಟ್ ಒತ್ತುತ್ತಾರೆ. ತುಟಿ ಹೇಗೂ ಕಾಣಲ್ಲ. ಏನಾದರೂ ಹೇಳಿ ಸರ್" ಎಂದರು. ನಾನು "ತಪ್ಪಾಯ್ತು, ತಾಯಿ" ಎಂದೆ. ಒಂದೇ ಸಲಕ್ಕೆ ಓಕೆ ಆಯಿತು. ಜನ ಆ ಮಾತನ್ನು ಬಹಳ ಮೆಚ್ಚಿಕೊಂಡರು. ಮದುವೆಮನೆಗಳಲ್ಲಿ ಕೂಡ ನನ್ನ ಬಾಯಿಂದ ಹೇಳಿಸಿದರು. ಹೇಳಿದಷ್ಟೂ ನನಗೆ ಇರಿಸುಮುರಿಸು ಹೆಚ್ಚಿತು.

ವೆನ್‌ಕೋಟ್ ಅವರ ವಿದಾಯದ ಏಕವ್ಯಕ್ತಿ ಪ್ರದರ್ಶನ ಅಬುಧಾಬಿಗೆ ಬರುತ್ತಿದೆ, ದೀಪ ತನ್ನದೇ ಕಂಪನಿಯದು ಎಂದು ಇಸ್ಮಾಯಿಲ್ ಫೋನ್ ಮಾಡಿದಾಗ, ಆ ವಾರವೇ ಟಿಕೆಟ್ ತೆಗೆದೆ.

ಇಸ್ಮಾಯಿಲನ ಮನೆ ಅಲ್ ಮುರಕ್ಕಬಾತ್‌ನಲ್ಲಿ, ಸಿಹಿತಿಂಡಿ ಅಂಗಡಿಯೊಂದರ ಮೇಲೆ ಮೂರನೆಯ ಮಹಡಿ. ಕೆಳಗಿನ ಬೀದಿಯ ತುಂಬ ಹೋಟೆಲುಗಳು. ಮೀನನ್ನು ಬೆನ್ನಿನಿಂದ ಸೀಳಿ ಬೆಂಕಿಯ ಎದುರು ನಿಲ್ಲಿಸಿ ಸುಡುವುದನ್ನು ಕಿಟಕಿಯಿಂದಲೇ ನೋಡಬಹುದು. ಅವನ ಹೆಂಡತಿ ಝೊಹರಾ ಅಕ್ಕಿ ರೊಟ್ಟಿ, ಬಂಗುಡೆ ಸಾರು ಮಾಡಿದ್ದರು. ಹತ್ತು ವರ್ಷದ ಮಗಳು ಫಿದಾ ನನ್ನನ್ನೇ ನೋಡುತ್ತ ಕೂತಿದ್ದಳು.

"ಇವರೇ ಟಿವಿಯ ಡಾಕ್ಟ್ರು, ಗೊತ್ತುಂಟಾ?" ಎಂದ ಇಸ್ಮಾಯಿಲ್.

"ನೋ ಪಪ್ಪಾ, ಡಾಕ್ಟರ್ ಈಸ್ ಟಾಲ್" ಎಂದಳು ಫಿದಾ. ಅಲ್ಲಿಗೆ ಆ ವಿಷಯ ಮುಗಿಯಿತು.

ಮರುದಿನ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಗೋದಾಮಿನಲ್ಲಿ ಕಳೆಯಿತು. ಹೆಸರಿನಲ್ಲಿ ಪಾರ್ಕ್ ಇದೆಯೇ ಹೊರತು ಕಂಡದ್ದು ಕಾರ್ಖಾನೆ, ಲಾರಿ, ತಗಡಿನ ಚಾವಣಿ. ಇಸ್ಮಾಯಿಲ್ ದೀಪಗಳನ್ನು ಒಂದೊಂದಾಗಿ ಹಚ್ಚಿ ನೋಡಿ ಪೆಟ್ಟಿಗೆಗೆ ಇಳಿಸುತ್ತಿದ್ದ. ನಾನು ಒಂದು ಪೆಟ್ಟಿಗೆಯ ಮೇಲೆ ಕೂತು ವೆನ್‌ಕೋಟ್ ಅವರ ಬಗ್ಗೆ ಕಾರ್ಯಕ್ರಮದ ಪುಸ್ತಿಕೆಯಲ್ಲಿದ್ದುದನ್ನು ಓದಿದೆ. ತಂದೆ ಹಡಗುಕಟ್ಟೆಯ ಬಡಗಿ. ಮಗನೂ ಬಡಗಿಯಾಗಿಯೇ ರಂಗಭೂಮಿಗೆ ಬಂದದ್ದು, ಸೆಟ್ಟು ಕಟ್ಟಲು. ಮೊದಲ ಪಾತ್ರ ಹೆಣದ್ದು. ಮೂರು ತಿಂಗಳು ದಿನವೂ ಸತ್ತು ಮಲಗಿದರಂತೆ. ನಂತರ ಮೂವತ್ತು ವರ್ಷ ಊರೂರು ಸುತ್ತುವ ತಂಡಗಳಲ್ಲಿ ದುಡಿದರು. ತೆರೆಯ ಮೇಲೆ ಪೊಲೀಸ್, ಪಾದ್ರಿ, ಬಟ್ಲರ್. ಹೆಸರು ಬಂದದ್ದು ಅರವತ್ತು ದಾಟಿದ ಮೇಲೆ, ಆ ವೈದ್ಯನ ಪಾತ್ರದಿಂದ.

ಪ್ರದರ್ಶನದಲ್ಲಿ ಆಡುವ ತುಣುಕುಗಳ ಪಟ್ಟಿಯಲ್ಲಿ "ಬಾಗಿಲು" ಎಂಬುದೂ ಇತ್ತು. ಇಸ್ಮಾಯಿಲನನ್ನು ಕೇಳಿದೆ.

"ಅದಾ? ಬಾಗಿಲು ಇಲ್ಲ, ಎಂತದೂ ಇಲ್ಲ. ಹಿಂದಿನಿಂದ ಒಂದೇ ಲೈಟು. ಅವರು ಬೆನ್ನು ಹಾಕಿ ನಿಲ್ಲುದು, ಅಷ್ಟೆ."

ಶನಿವಾರ ಬೆಳಿಗ್ಗೆ ಆರಕ್ಕೆ ವ್ಯಾನಿನಲ್ಲಿ ಅಬುಧಾಬಿಗೆ ಹೊರಟೆವು. ಬಸ್ಸಿನಲ್ಲಾದರೆ ಇಪ್ಪತ್ತೈದು ದಿರ್ಹಂ, ಎರಡು ಗಂಟೆ ದಾರಿ. ನಮಗೆ ಮೂರು ಗಂಟೆ ಹಿಡಿಯಿತು, ಏಕೆಂದರೆ ಹೆದ್ದಾರಿಯ ತುಂಬ ಮಂಜು. ಮರಳುಗಾಡಿನಲ್ಲಿ ಇಂಥ ಮಂಜು ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ. ಎಂಬತ್ತಕ್ಕಿಂತ ವೇಗ ಬೇಡವೆಂದು ದೊಡ್ಡ ಫಲಕಗಳು ಮಿನುಗುತ್ತಿದ್ದವು. ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಬುಧಾಬಿಗೆ ಸ್ವಲ್ಪ ಮೊದಲು, ಬನಿಯಾಸ್‌ನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋಗಿ, ಶಾಲೆಯೊಂದಕ್ಕೆ ಕೊಟ್ಟಿದ್ದ ಎರಡು ಸ್ಟ್ಯಾಂಡುಗಳನ್ನು ಹೇರಿಕೊಂಡೆವು. ಎದುರಿನ ಸಣ್ಣ ಹೋಟೆಲಿನಲ್ಲಿ ಪರೋಟ ತಿಂದು, ಏಲಕ್ಕಿ ಹಾಕಿ ಕುದಿಸಿದ ದಪ್ಪ ಚಹಾ ಕುಡಿದೆವು.

"ಅವರ ಹತ್ರ ಹೇಳ್ಲೇಬೇಕಾ?" ಎಂದು ಇಸ್ಮಾಯಿಲ್ ಕೇಳಿದ. "ಅವರಿಗೆ ಕನ್ನಡ ಬರುದಿಲ್ಲ. ನೀವು ಹೇಳದಿದ್ರೆ ಸಾಯುವವರೆಗೂ ಗೊತ್ತಾಗುದಿಲ್ಲ."

"ಅದಕ್ಕೇ ಹೇಳಬೇಕು."

"ಆಯ್ತು. ಯಲ್ಲಾ, ಏಳಿ. ಹನ್ನೊಂದಕ್ಕೆ ಲೈಟ್ ಕೊಡ್ಬೇಕು" ಎಂದು ಅವನು ಎದ್ದ.

ಸಭಾಂಗಣ ನಿಜಕ್ಕೂ ತಣ್ಣಗಿತ್ತು. ಇಸ್ಮಾಯಿಲ್ ತನ್ನ ಜಾಕೆಟ್ ಕೊಟ್ಟ. ಹನ್ನೊಂದೂವರೆಗೆ ವೆನ್‌ಕೋಟ್ ಬಂದರು. ತೆರೆಯ ಮೇಲೆ ಕಂಡದ್ದಕ್ಕಿಂತ ಕುಗ್ಗಿದ್ದರು, ಕೈಯಲ್ಲಿ ಕೋಲಿತ್ತು. ದೀಪ ಎಲ್ಲೆಲ್ಲಿ ಬೀಳುತ್ತದೋ ಅಲ್ಲಲ್ಲಿ ನಿಂತು ನೋಡಿದರು. ಒಂದು ದೀಪವನ್ನು ಒಂದು ಗೇಣು ಎಡಕ್ಕೆ ಸರಿಸಲು ಹೇಳಿದರು. ಚಹಾದ ಬಿಡುವಿನಲ್ಲಿ ಅವರ ಸಹಾಯಕಿ ನನಗೆ ಹತ್ತು ನಿಮಿಷ ಕೊಟ್ಟರು.

ನಾನು ಯಾರೆಂದು ಹೇಳಿದಾಗ ಅವರು ಖುಷಿಪಟ್ಟರು. "ಜರ್ಮನ್‌ನಲ್ಲಿ ನನಗೆ ದನಿ ಕೊಟ್ಟವನನ್ನು ಒಮ್ಮೆ ಕಂಡಿದ್ದೆ, ಅವನು ನನಗಿಂತ ಸುಂದರವಾಗಿದ್ದ" ಎಂದು ನಕ್ಕರು. ನಾನು ಫೋನಿನಲ್ಲಿ ಬಾಗಿಲಿನ ದೃಶ್ಯ ಹಚ್ಚಿದೆ. ಅವರು ಮುಖದ ಹತ್ತಿರ ಹಿಡಿದು ನೋಡಿದರು. ನನ್ನ ದನಿ ಬಂದ ಕೂಡಲೇ ತಲೆ ಎತ್ತಿದರು.

"ಏನಂತಾನೆ ಇವನು?"

"ನನ್ನಿಂದ ತಪ್ಪಾಯಿತು, ತಾಯಿ ಅಂತ."

"ಅಲ್ಲಿ ಮಾತಿಲ್ಲ."

"ಇಲ್ಲ. ನಾವು ಸೇರಿಸಿದ್ದು. ನಾನು ಸೇರಿಸಿದ್ದು. ಅದನ್ನು ಹೇಳಲಿಕ್ಕೇ ಬಂದೆ."

ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ದನಿ ಏರಲಿಲ್ಲ, ಆದರೆ ಕೆನ್ನೆ ಕೆಂಪಾಯಿತು. "ಬರೆದವರು ಅಲ್ಲಿ ಒಂದು ಮಾತು ಇಟ್ಟಿದ್ದರು. ಅದನ್ನು ತೆಗೆಸಲು ನಾನು ಎರಡು ದಿನ ಜಗಳ ಆಡಿದೆ. ಮಗು ಸತ್ತದ್ದು ತನ್ನ ತಪ್ಪಿನಿಂದಲೋ ಅಲ್ಲವೋ ಅವನಿಗೇ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಅವನು ಬಾಯಿ ಬಿಡುವುದಿಲ್ಲ. ನೀವು ಅವನನ್ನು ಅಪರಾಧಿ ಮಾಡಿದಿರಿ."

ಕ್ಷಮೆ ಕೇಳಿದೆ.

"ಮೂರಕ್ಕೆ ಬಂದು ನೋಡಿ" ಎಂದರು ಕೋಲು ಹುಡುಕುತ್ತ. "ಅಲ್ಲಿ ಏನಿದೆ ಅಂತ ನೋಡಿ." ಹತ್ತು ನಿಮಿಷ ಮುಗಿದಿರಲಿಲ್ಲ, ಅವರು ಎದ್ದು ಹೋದರು.

ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಇಸ್ಮಾಯಿಲ್ ಬಿರಿಯಾನಿಯ ಪೊಟ್ಟಣ ಬಿಚ್ಚಿ, "ಬೈದ್ರಲ್ಲ, ಖಲಾಸ್. ಇನ್ನು ತಿನ್ನಿ" ಎಂದ. ಎರಡು ತುತ್ತು ತಿಂದೆ.

ಮೂರಕ್ಕೆ ಸಭಾಂಗಣ ಮುಕ್ಕಾಲು ತುಂಬಿತ್ತು. ನನ್ನ ಹಿಂದಿನ ಸಾಲಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಮ್ಮ, ಶಾಲು ಹೊದ್ದು ಮಗಳ ಜೊತೆ ಕೂತಿದ್ದರು. ಅವರ ಕನ್ನಡ ಕೇಳಿ ತಿರುಗಿ ಮಾತಾಡಿಸಿದೆ. ಮಗಳು ವಿನಯಾ ಬನಿಯಾಸ್‌ನಲ್ಲಿ ನರ್ಸ್. ತಾಯಿ ಗಿರಿಜಮ್ಮ ಕಾರ್ಕಳದಿಂದ ಮೂರು ತಿಂಗಳ ವೀಸಾದಲ್ಲಿ ಬಂದವರು. "ಅಮ್ಮನಿಗೆ ಇಂಗ್ಲಿಷ್ ಬರುದಿಲ್ಲ. ಆದ್ರೂ ಡಾಕ್ಟ್ರನ್ನು ನೋಡ್ಲೇಬೇಕು ಅಂತ ಹಟ" ಎಂದಳು ವಿನಯಾ. ನಾನು ಸುಮ್ಮನೆ ನಕ್ಕೆ. ಯಾರೆಂದು ಹೇಳುವ ಮನಸ್ಸಿರಲಿಲ್ಲ.

ವೆನ್‌ಕೋಟ್ ಹೆಚ್ಚಾಗಿ ಕುರ್ಚಿಯಲ್ಲಿ ಕೂತೇ ಆಡಿದರು. ಹೆಣವಾಗಿ ಮಲಗಿದ್ದಾಗ ಸೀನಿಬಿಟ್ಟ ಕಥೆಗೆ ಜನ ಹೊಟ್ಟೆ ಹಿಡಿದು ನಕ್ಕರು. ಮತ್ತೊಂದು ಸಂಗತಿ ನನಗೆ ಹೊಸದು. ನಟನಾಗಬೇಕೆಂದು ಅವರು ತಮ್ಮ ಊರಿನ ಆಡುಮಾತನ್ನು ಹುಡುಗಾಟಿಕೆಯ ವಯಸ್ಸಿನಲ್ಲೇ ಉಜ್ಜಿ ತೊಳೆದುಬಿಟ್ಟಿದ್ದರು. ವೈದ್ಯನ ಪಾತ್ರ ಬಂದಾಗ ಅದೇ ಮಾತು ಬೇಕಾಯಿತು. ನಾಲಿಗೆಗೆ ಬರಲೇ ಇಲ್ಲ. ಊರಿನಲ್ಲೇ ಉಳಿದಿದ್ದ ಅಕ್ಕನಿಗೆ ದಿನವೂ ಫೋನ್ ಮಾಡಿ, ಒಂದೊಂದು ಸಾಲನ್ನೂ ಅವಳ ಬಾಯಿಂದ ಹೇಳಿಸಿ ಕಲಿತರಂತೆ. "ನೀವೆಲ್ಲ ಮೆಚ್ಚಿದ ದನಿ ನನ್ನ ಅಕ್ಕನದು" ಎಂದರು.

ಆಮೇಲೆ ಎದ್ದು, ಕೋಲು ಬದಿಗಿಟ್ಟು, ನಮಗೆ ಬೆನ್ನು ಹಾಕಿ ನಿಂತರು. ಹಿಂದಿನ ಒಂದೇ ದೀಪ ಉಳಿಯಿತು. ಬಲಗೈ ಎತ್ತಿ ಇಲ್ಲದ ಬಾಗಿಲನ್ನು ತಟ್ಟಿದರು. ಕೈ ಇಳಿಯಿತು. ಬಾಗಿಲು ತೆರೆದದ್ದು ಅವರ ಭುಜದಲ್ಲಿ ಗೊತ್ತಾಯಿತು. ನಾನು ನೂರಾರು ಸಲ ನೋಡಿದ ಬೆನ್ನು ಅದು. ಅವತ್ತು ಮಾತ್ರ ಅದರ ಮುಂದೆ ಒಬ್ಬಳು ತಾಯಿ ನಿಂತಿದ್ದಾಳೆ ಅನ್ನಿಸಿತು. ಐದು ಸೆಕೆಂಡು, ಎಂಟು, ಹತ್ತು. ಯಾರೂ ಕೆಮ್ಮಲಿಲ್ಲ. ನಾನು ಸೇರಿಸಿದ ಮಾತು ಎಷ್ಟು ಅನಗತ್ಯವೆಂದು ಖಾತ್ರಿಯಾಯಿತು.

ಆಗ ನನ್ನ ಬೆನ್ನ ಹಿಂದೆ ಗಿರಿಜಮ್ಮ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದರು: "ತಪ್ಪಾಯ್ತು, ತಾಯಿ."

ಆ ನಿಶ್ಶಬ್ದದಲ್ಲಿ ಅದು ರಂಗದವರೆಗೂ ಹೋಯಿತು. ವೆನ್‌ಕೋಟ್ ಅವರ ತಲೆ ತುಸು ವಾಲಿತು. ವಿನಯಾ ತಾಯಿಯ ಕೈ ಒತ್ತಿ ಹಿಡಿದಳು. ಇನ್ನೂ ಕೆಲವು ಸೆಕೆಂಡು ಹಾಗೇ ನಿಂತಿದ್ದು ಅವರು ತಲೆ ತಗ್ಗಿಸಿದರು, ದೀಪ ಆರಿತು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಅವರ ಸಹಾಯಕಿ ನೇರ ನನ್ನ ಬಳಿಗೆ ಬಂದು, "ನೀವೇ ಹೇಳಿದ್ದಾ?" ಎಂದು ಕಟುವಾಗಿ ಕೇಳಿದರು. ನಾನಲ್ಲ ಎಂದೆ. ವಿನಯಾ ಗಾಬರಿಯಿಂದ ಎದ್ದು ಕ್ಷಮೆ ಕೇಳಿದಳು. ಗಿರಿಜಮ್ಮನಿಗೆ ಮಾತ್ರ ಯಾವ ಅಳುಕೂ ಇರಲಿಲ್ಲ. "ಪಾಪ, ಪ್ರಾಯ ಆಯ್ತಲ್ಲ, ಅವರಿಗೆ ಮಾತು ಮರ್ತು ಹೋಯ್ತು. ನೆನಪು ಮಾಡಿ ಕೊಟ್ಟೆ" ಎಂದರು. ಸಹಾಯಕಿ ನಮ್ಮ ಮೂವರನ್ನೂ ಒಳಗೆ ಕರೆದೊಯ್ದರು.

ವೆನ್‌ಕೋಟ್ ಬಣ್ಣ ಒರೆಸಿಕೊಳ್ಳುತ್ತಿದ್ದರು. ನಾನು ಗಿರಿಜಮ್ಮ ಹೇಳಿದ್ದನ್ನು ಇಂಗ್ಲಿಷಿನಲ್ಲಿ ತಿಳಿಸಿದೆ. ಅವರು ಆಕೆಯನ್ನು ನೋಡಿದರು, ನನ್ನನ್ನು ನೋಡಿದರು.

"ಅವರಿಗೆ ಹೇಳಿ, ಹೌದು, ಮರೆತಿತ್ತು. ಧನ್ಯವಾದ ಅಂತ."

ನಾನು ಹೇಳಿದೆ: "ಹೌದಮ್ಮ, ಮರೆತಿತ್ತಂತೆ. ನಿಮಗೆ ಧನ್ಯವಾದ ಅಂತಿದ್ದಾರೆ." ಅವರ ಪಕ್ಕದಲ್ಲಿ ನಿಂತು, ಅವರ ಮಾತನ್ನು ಹೇಳುವಾಗ ದನಿ ತಾನಾಗಿಯೇ ಆ ವೈದ್ಯರದಾಯಿತು. ಗಿರಿಜಮ್ಮ ಸರ್ರನೆ ನನ್ನ ಕಡೆ ತಿರುಗಿದರು.

"ಸ್ವರ ನಿಮ್ಮದಾ?"

ಹೌದೆಂದು ತಲೆಯಾಡಿಸಿದೆ.

ಅವರು ಶಾಲನ್ನು ಸರಿಯಾಗಿ ಹೊದ್ದುಕೊಂಡರು. ಆಮೇಲೆ, "ನನ್ನ ದೊಡ್ಡ ಮಗ ಆಸ್ಪತ್ರೆಯಲ್ಲಿ ಹೋದದ್ದು. ಯಾರೂ ನನ್ನ ಮೋರೆ ನೋಡ್ಲಿಲ್ಲ, ಒಂದು ಮಾತು ಹೇಳ್ಲಿಲ್ಲ. ಈ ಡಾಕ್ಟ್ರು ಹೇಳಿದ್ರಲ್ಲ ಅಂತ ನಾನು ಅದನ್ನು ಪುನಃ ಪುನಃ ನೋಡುದು" ಎಂದರು. ವಿನಯಾ ಗೋಡೆ ನೋಡುತ್ತಿದ್ದಳು. ಅಮ್ಮ ಅದನ್ನು ಯಾಕೆ ನೋಡುತ್ತಾರೆಂಬುದು ಆಕೆಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಅದನ್ನೂ ಅನುವಾದಿಸಿದೆ. ಕೂಡಿಸಲಿಲ್ಲ, ಕಳೆಯಲಿಲ್ಲ. ವೆನ್‌ಕೋಟ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಎದ್ದು ನಿಂತು, ಗಿರಿಜಮ್ಮನ ಎರಡೂ ಕೈ ಹಿಡಿದುಕೊಂಡರು. ಏನೂ ಮಾತಾಡಲಿಲ್ಲ. ಈ ಸಲ ಆಕೆಯೂ ನೆನಪು ಮಾಡಿಕೊಡಲು ಹೋಗಲಿಲ್ಲ.

ನಾವು ಹೊರಡುವಾಗ ಅವರು ನನ್ನೊಬ್ಬನನ್ನೇ ನಿಲ್ಲಿಸಿದರು. "ನಾನು ಹೇಳಿದ್ದರಲ್ಲಿ ಬದಲಾವಣೆ ಇಲ್ಲ. ಅಲ್ಲಿ ಮಾತು ಬೇಡ" ಎಂದರು. ಮತ್ತೆ ಮುಂದುವರಿಸಿದರು: "ಆದರೆ ಹೇಳುವುದೇ ಆದರೆ ನೀವು ಹೇಳಿದಷ್ಟು ಜೋರಾಗಿ ಬೇಡ. ನೀವು ಕೋಣೆಗೆಲ್ಲ ಕೇಳಿಸಲು ಹೇಳಿದ್ದೀರಿ. ಆ ಅಮ್ಮ ಒಬ್ಬರಿಗೆ ಮಾತ್ರ ಹೇಳಿದರು. ಹಾಗೆ ಹೇಳಿ."

ಮರುದಿನ ಬೆಳಿಗ್ಗೆ ದುಬೈ ವಿಮಾನ ನಿಲ್ದಾಣದಿಂದಲೇ ನಮ್ಮ ಡಬ್ಬಿಂಗ್ ನಿರ್ದೇಶಕರಿಗೆ ಫೋನ್ ಮಾಡಿ, ಆ ಎರಡು ಪದಗಳನ್ನು ಮತ್ತೊಮ್ಮೆ ಧ್ವನಿಮುದ್ರಿಸಲು ಸಾಧ್ಯವೇ ಎಂದು ಕೇಳಿದೆ. ಅದೆಲ್ಲ ಮುಗಿದುಹೋದ ಕೆಲಸ ಸರ್, ಈಗ ಯಾರು ಮುಟ್ಟುತ್ತಾರೆ ಎಂದರು. ವಿಮಾನ ಮೇಲೇರಿ ಕೆಳಗಿನ ಕಟ್ಟಡಗಳು ಮರಳಿನ ಬಣ್ಣಕ್ಕೆ ಸೇರಿಹೋಗುವವರೆಗೂ ಕಿಟಕಿಗೆ ಹಣೆ ಹಚ್ಚಿ ಕೂತಿದ್ದೆ. ಪಕ್ಕದವರು ನಿದ್ದೆ ಹೋಗಿದ್ದರು. ಗಿರಿಜಮ್ಮ ಹೇಳಿದ ಹಾಗೆ ಹೇಳಿ ನೋಡಿದೆ. ಮೊದಲ ಸಲ ಜೋರಾಯಿತು, ಎರಡನೆಯ ಸಲ ಅಳು ಹೆಚ್ಚಾಯಿತು. ಮೂರನೆಯ ಸಲಕ್ಕೆ ಸುಮಾರಾಗಿ ಬಂತು.